ಮಸಿರಾಯ ಪಟ್ಟಕ್ಕೆ ಬಂದ ಬಗೆ

ನೀರು ಸರಬರಾಜು ಕಚೇರಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಬಂದ ಕಾಗದಕ್ಕೆ ಮೊಹರು ಒತ್ತಿ ನಂಬರು ಕೊಡುವುದು, ಹೋಗುವ ಕಾಗದಕ್ಕೆ ವಿಳಾಸ ಬರೆದು ಅಂಟಿಸುವುದು, ಈ ಟಪಾಲು ಕೆಲಸವನ್ನು ಇಪ್ಪತ್ತಾರು ವರ್ಷ ಒಂದೇ ಮೇಜಿನ ಹಿಂದೆ ಕೂತು ಮಾಡಿದ್ದರಿಂದ ಎಲ್ಲರ ಬಾಯಲ್ಲೂ ಅವಳು ಟಪಾಲಕ್ಕ. ಮೇಜು ಇದ್ದದ್ದು ಮೆಟ್ಟಿಲ ಕೆಳಗೆ. ಹತ್ತುವವರು, ಇಳಿಯುವವರು, ಅರ್ಧ ಹತ್ತಿ ಧೈರ್ಯ ಸಾಲದೆ ವಾಪಸು ಬರುವವರು, ಎಲ್ಲರೂ ಅವಳ ತಲೆಯ ಮೇಲೇ ಓಡಾಡಬೇಕು. ಯಾರ ಚಪ್ಪಲಿಯ ಸದ್ದು ಯಾವ ವರ್ಷದಿಂದ ಗಟ್ಟಿಯಾಯಿತು ಎಂಬುದನ್ನು ಅವಳು ಕಣ್ಣು ಮುಚ್ಚಿ ಹೇಳಬಲ್ಲವಳಾಗಿದ್ದಳು. ಯಾರೂ ಕೇಳಿರಲಿಲ್ಲ, ಅಷ್ಟೆ.

ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಡಾಕ್ಟರು ಮೂರು ತಿಂಗಳು ಹಾಸಿಗೆ ಬಿಟ್ಟು ಏಳಬಾರದು ಅಂದರು. ಮಂಚವನ್ನು ನಡುಮನೆಗೆ ತಂದು ಟಿವಿಯ ಎದುರಿಗೆ ಹಾಕಿದ್ದಾಯಿತು. ಮೊದಲ ದಿನವೇ ರಿಮೋಟು ಕೈಜಾರಿ ಮಂಚದ ಕೆಳಗೆ ಸೇರಿತು, ಸೇರುವ ಮುಂಚೆ ಚಾನಲ್ಲು ಬದಲಾಯಿಸಿತು. ಸಂಜೆ ಆರಕ್ಕೆ ಟಪಾಲಕ್ಕ ಮನೆಗೆ ಬಂದು, ಮೊಣಕಾಲೂರಿ, ಪೊರಕೆಯ ಹಿಡಿಯಿಂದ ರಿಮೋಟನ್ನು ಎಳೆದು ತೆಗೆಯುವ ಹೊತ್ತಿಗೆ ಎಪ್ಪತ್ತೆಂಟು ವರ್ಷದ ಅತ್ತೆ ಒಂದು ಕಾರ್ಟೂನಿನ ಎಂಟು ಕಂತು ನೋಡಿ ಮುಗಿಸಿದ್ದರು.

"ತಡಿ ತಡಿ, ಬದಲಾಯಿಸಬೇಡ! ಆ ಹುಡುಗಿ ಗೋಪುರ ಹತ್ತುತಾ ಇದ್ದಾಳೆ. ಕೆಳಗೆ ಅವನು ಕಾಯ್ತಾ ಇದ್ದಾನೆ."

"ಯಾರತ್ತೆ ಅವನು?"

"ಮಸಿರಾಯ ಕಣೇ!" ಎಂದರು ಅತ್ತೆ, ನೆರೆಮನೆಯವನ ಸುದ್ದಿ ಹೇಳುವ ಹಾಗೆ.

ಕಾರ್ಟೂನಿನ ಹೆಸರು ಏಳು ಗೋಪುರ. ಮಸಿರಾಯ ಅದರ ಖಳ. ಕೋಲುಮುಖ, ಚೂಪು ಮೀಸೆ, ನೆಲ ಗುಡಿಸುವಷ್ಟು ಉದ್ದದ ಕಪ್ಪು ನಿಲುವಂಗಿ, ಕೋಪ ಬಂದರೆ ಮೂಗಿನಿಂದ ಹೊಗೆ. ಮೊದಲ ಕಂತು ಶುರುವಾಗುವಾಗಲೇ ಅವನು ಸಿಂಹಾಸನದ ಮೇಲೆ ಕೂತಿರುತ್ತಾನೆ. ಅವನಿಗಿಂತ ಮುಂಚೆ ಏಳು ಗೋಪುರಕ್ಕೆ ಏಳು ರಾಜರಿದ್ದರು, ಈಗಿಲ್ಲ. ಏನಾದರು, ಹೇಗೆ ಹೋದರು, ಇವನು ಎಲ್ಲಿಂದ ಬಂದ ಎಂಬುದನ್ನು ಕಾರ್ಟೂನು ಮಾಡಿದವರು ಹೇಳುವ ಗೋಜಿಗೇ ಹೋಗಿರಲಿಲ್ಲ. ಇದು ಅತ್ತೆಯ ನೆಮ್ಮದಿ ಕೆಡಿಸಿತು. ಬಾಯಿಗೆ ಮಾತ್ರೆ ಹಾಕಿಸಿಕೊಳ್ಳುವಾಗಲೂ ಅದೇ ಮಾತು. "ಅಲ್ವೇ, ಇವನಿಗೆ ಆ ಕುರ್ಚಿ ಕೊಟ್ಟವರು ಯಾರು?"

ಟಪಾಲಕ್ಕನ ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನು ನೋಡುವುದು ಅವನ ಇನ್ನೊಂದು ಕಸುಬು. ತಾಯಿಯ ಸಂಕಟ ನೋಡಲಾರದೆ ಹುಡುಕಿ ನೋಡಿದಾಗ, ಇದೇ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡ ಸಾವಿರಾರು ಜನ ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಸೇರಿ ಕಚ್ಚಾಡುತ್ತಿರುವುದು ಗೊತ್ತಾಯಿತು. ಅವತ್ತು ಸಂಜೆ ಮಂಚದ ಅಂಚಿಗೆ ಕೂತು ಒಂದೊಂದಾಗಿ ಓದಿ ಹೇಳಿದ.

"ಒಬ್ಬ ಬರೆದಿದ್ದಾನಮ್ಮ, ಮಸಿರಾಯ ಒಂದು ಕಪ್ಪು ನಕ್ಷತ್ರ ನುಂಗಿದ್ದನಂತೆ. ಅದರಿಂದಲೇ ಶಕ್ತಿ ಬಂತಂತೆ."

"ನಕ್ಷತ್ರ ನುಂಗಿದ್ರೆ ಹೊಟ್ಟೆನೋವು ಬರುತ್ತೆ ಕಣೋ. ಕುರ್ಚಿ ಎಲ್ಲಿಂದ ಬರುತ್ತೆ? ಮುಂದಿಂದು ಓದು."

ಮುಂದಿನದರಲ್ಲಿ ಅವನು ಏಳು ರಾಜರಿಗೆ ಗೊತ್ತಿಲ್ಲದ ಎಂಟನೆಯ ತಮ್ಮ. ಅದರ ಮುಂದಿನದರಲ್ಲಿ ಏಳೂ ರಾಜರು ಬೇರೆಯಲ್ಲ, ಅವನೇ. ಇನ್ನೊಬ್ಬಳು ನಲವತ್ತು ಪುಟ ಬರೆದು, ಗೋಪುರ ಹತ್ತುವ ಹುಡುಗಿಯೇ ಮುಂದೆ ಮುದುಕಿಯಾಗಿ, ಕಾಲದಲ್ಲಿ ಹಿಂದಕ್ಕೆ ಬಂದು ಮಸಿರಾಯನಾಗಿದ್ದಾಳೆ ಎಂದು ಸಾಧಿಸಿದ್ದಳು. ಅತ್ತೆ ಇದನ್ನು ಸ್ವಲ್ಪ ಹೊತ್ತು ಯೋಚಿಸಿ, "ಮೀಸೆ?" ಅಂದರು. ಆ ಸಿದ್ಧಾಂತ ಅಲ್ಲಿಗೆ ಬಿತ್ತು.

ಎಲ್ಲರೂ ಜೋತುಬಿದ್ದಿದ್ದು ಹದಿನಾಲ್ಕನೆಯ ಕಂತಿನ ಒಂದು ಚಿತ್ರಕ್ಕೆ. ಅರಮನೆಯ ಗೋಡೆಯ ಮೇಲೆ ಹಳೆಯ ಕಾಲದ ಒಂದು ಚಿತ್ರ ಎರಡು ಕ್ಷಣ ಕಾಣಿಸುತ್ತದೆ. ಏಳು ರಾಜರು ದುಂಡು ಮೇಜಿನ ಸುತ್ತ ಕೂತು ಬೆರಳೆತ್ತಿ ವಾದಿಸುತ್ತಿದ್ದಾರೆ. ಹಿಂದೆ ಮೂಲೆಯಲ್ಲಿ, ಕಂಬಕ್ಕೆ ಒರಗಿದ ಹಾಗೆ, ಒಬ್ಬ ಸಣಕಲ ಪುಸ್ತಕ ಹಿಡಿದು ನಿಂತಿದ್ದಾನೆ. ಅವನೇ ಮಸಿರಾಯ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಜಗಳವೆಲ್ಲ ಪುಸ್ತಕದ ಬಗ್ಗೆ.

"ಮಂತ್ರದ ಪುಸ್ತಕವಂತೆ," ಎಂದ ಗಂಡ.

ಟಪಾಲಕ್ಕ ಬಟ್ಟೆ ಮಡಿಸುತ್ತಿದ್ದವಳು ಫೋನನ್ನು ಕೈಗೆ ತೆಗೆದುಕೊಂಡು ಚಿತ್ರ ದೊಡ್ಡದು ಮಾಡಿ ನೋಡಿದಳು. ಅವಳಿಗೆ ನಗು ಬಂತು.

"ಮಂತ್ರದ ಪುಸ್ತಕಾನ ಯಾರಾದ್ರೂ ಮೊಣಕೈಗೆ ಆನಿಸಿಕೊಂಡು, ಮಧ್ಯಕ್ಕೆ ಬೆರಳಿಟ್ಟು ಹಿಡೀತಾರೇನ್ರಿ? ಇದು ನಡಾವಳಿ ಪುಸ್ತಕ."

"ಹಂಗಂದ್ರೆ?" ಎಂದರು ಅತ್ತೆ.

"ಸಭೆಯಲ್ಲಿ ಯಾರು ಏನಂದ್ರು, ಕೊನೆಗೆ ಏನು ತೀರ್ಮಾನ ಆಯ್ತು ಅಂತ ಬರೆದಿಡೋ ಪುಸ್ತಕ ಅತ್ತೆ. ಇವನು ಯಾರನ್ನೂ ಕೊಂದಿಲ್ಲ, ಏನೂ ನುಂಗಿಲ್ಲ. ಇವನು ಗುಮಾಸ್ತ. ನಮ್ಮ ನಿರ್ದೇಶಕರು ಮೇಲೆ ಬಂದಿದ್ದೂ ಹೀಗೇ."

ಅತ್ತೆ ದಿಂಬಿನಿಂದ ತಲೆ ಎತ್ತಿದರು. ಹಾಗೆ ತಲೆ ಎತ್ತಬಾರದೆಂದು ಡಾಕ್ಟರು ಹೇಳಿದ್ದರು.

ಟಪಾಲಕ್ಕ ಹೇಳಿದಳು. ನಿರ್ದೇಶಕರು ಇಪ್ಪತ್ತೆರಡು ವರ್ಷದ ಹಿಂದೆ ಯಾರದೋ ರಜೆಗೆ ಬದಲಿ ಬೆರಳಚ್ಚುಗಾರರಾಗಿ ಬಂದವರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಯಲ್ಲಿ ಮಾತೇ ಇಲ್ಲ. ಆಗ ಸಭೆಯ ನಡಾವಳಿ ಬರೆಯುವುದೆಂದರೆ ಎಲ್ಲರಿಗೂ ತಲೆನೋವು. ಒಬ್ಬರು ಇನ್ನೊಬ್ಬರಿಗೆ ತಳ್ಳುತ್ತಿದ್ದರು. ಬಿಳಿ ಅಂಗಿಯವರು ತಾವಾಗಿಯೇ ಕೈಯೆತ್ತಿ, ನಾನು ಬರೀತೀನಿ ಸಾರ್ ಅಂದರು. ಎಲ್ಲರೂ ಪಾಪ, ಎಷ್ಟು ಒಳ್ಳೆಯವನು ಅಂದುಕೊಂಡರು. ವರ್ಷ ಕಳೆಯಿತು. ಯಾರಾದರೂ ನಾನು ಹಾಗೆ ಹೇಳಿರಲಿಲ್ಲ ಅಂದರೆ ಪುಸ್ತಕ ತೆಗೆದು ತೋರಿಸುವುದು. ಪುಸ್ತಕದಲ್ಲಿ ಹೇಳಿರುತ್ತಿದ್ದರು. ಮತ್ತೆ ಸಭೆಯ ದಿನ ಗೊತ್ತುಮಾಡುವ ಕೆಲಸವೂ ಅವರಿಗೇ ಬಂತು. ಯಾರು ಅಡ್ಡಮಾತಾಡುತ್ತಾರೋ ಅವರು ರಜೆಯಲ್ಲಿದ್ದ ದಿನವೇ ಸಭೆ. ಆಗಿನ ಉಪನಿರ್ದೇಶಕರನ್ನು ಊರಾಚೆಯ ಪಂಪ್‌ಹೌಸಿಗೆ ಸ್ವಂತ ಕೋರಿಕೆಯ ಮೇರೆಗೆ ವರ್ಗ ಮಾಡಲಾಯಿತು. ಆ ಕೋರಿಕೆ ತಮ್ಮದು ಎಂಬುದು ಉಪನಿರ್ದೇಶಕರಿಗೆ ಗೊತ್ತಾದದ್ದೇ ನಡಾವಳಿ ಓದಿದ ಮೇಲೆ.

"ಒಂದು ಏಟು ಹೊಡೀಲಿಲ್ಲ, ಒಬ್ಬರಿಗೆ ಗದರಲಿಲ್ಲ. ಒಂದು ದಿನ ನೋಡಿದ್ರೆ ಕುರ್ಚಿ ಮೇಲೆ ಕೂತಿದ್ರು. ನಾನು ಕೆಳಗಿಂದ ಕೇಳಿಸಿಕೊಳ್ತಾನೇ ಇದ್ದೆ ಅತ್ತೆ. ಮೊದಲು ಬೆಕ್ಕಿನ ಹಾಗೆ ಮೆಟ್ಟಿಲು ಹತ್ತುತಿದ್ದೋರು, ಈಗ ಟಕ ಟಕ ಟಕ."

"ಇದನ್ನ ಬರೆದು ಹಾಕು," ಎಂದು ಅತ್ತೆ ಮಗನಿಗೆ ಅಪ್ಪಣೆ ಮಾಡಿದರು. "ಆ ನಕ್ಷತ್ರ ನುಂಗಿಸಿದವನಿಗೆ ಬುದ್ಧಿ ಬರಲಿ."

ಬರೆಯುವುದೆಂದರೆ ಟಪಾಲಕ್ಕನಿಗೆ ಒಂದೇ ರೀತಿ ಗೊತ್ತಿದ್ದದ್ದು. ಅವಳು ಹೇಳಿದಳು, ಗಂಡ ಒಂದೇ ಬೆರಳಲ್ಲಿ ಒತ್ತಿದ. ವಿಷಯ: ಮಸಿರಾಯನು ಏಳು ಗೋಪುರಗಳ ಒಡೆತನ ಪಡೆದ ಬಗ್ಗೆ. ಉಲ್ಲೇಖ: ಹದಿನಾಲ್ಕನೆಯ ಕಂತಿನ ಗೋಡೆ ಚಿತ್ರ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ಸದರಿ ವ್ಯಕ್ತಿಯು ಯಾರನ್ನೂ ಕೊಂದಿರುವುದಿಲ್ಲ. ಏಳೂ ರಾಜರಿಗೆ ಮಾತಾಡಲು ಇಷ್ಟವಿದ್ದು ಬರೆಯಲು ಬೇಸರವಿದ್ದ ಕಾರಣ, ಬರೆಯುವ ಕೆಲಸವನ್ನು ಇವನು ತಾನಾಗಿಯೇ ವಹಿಸಿಕೊಂಡಿರುತ್ತಾನೆ. ಮೊದಲ ವರ್ಷ ಅವರು ಹೇಳಿದ್ದನ್ನು ಬರೆದಿರುತ್ತಾನೆ. ಎರಡನೆಯ ವರ್ಷ ಅವರು ಹೇಳಬೇಕಾಗಿದ್ದನ್ನು ಬರೆದಿರುತ್ತಾನೆ. ಮೂರನೆಯ ವರ್ಷದಿಂದ ಇವನು ಬರೆದದ್ದನ್ನೇ ಅವರು ಹೇಳಿರುತ್ತಾರೆ. ಹೀಗೆ ಎರಡು ಪುಟ. ಕೊನೆಗೆ, ಇಂತಿ ತಮ್ಮ ವಿಶ್ವಾಸಿ, ಟಪಾಲು.

ಒಂದು ವಾರ ಯಾರೂ ಮೂಸಿ ನೋಡಲಿಲ್ಲ. ಎರಡನೆಯ ವಾರ ಅದಕ್ಕೆ ಕಾಲು ಬಂತು. ಮಸಿರಾಯನಿಗೆ ಮೊದಲ ಸಲ ಹೆದರಿದೆ ಎಂದು ಒಬ್ಬ ಬರೆದ. ನಮ್ಮ ಬ್ಯಾಂಕಿನಲ್ಲೂ ಒಬ್ಬ ಮಸಿರಾಯ ಇದ್ದಾನೆ ಎಂದು ಇನ್ನೊಬ್ಬಳು. ಆಸ್ಪತ್ರೆ, ಕಾಲೇಜು, ಸಂಗೀತದ ಸಂಘ, ಅಪಾರ್ಟ್‌ಮೆಂಟಿನ ಸಮಿತಿ, ಎಲ್ಲ ಕಡೆಯಿಂದಲೂ ಮಸಿರಾಯಂದಿರ ವರದಿ ಬರತೊಡಗಿತು. ಎಷ್ಟೋ ಜನ ಕಾರ್ಟೂನನ್ನೇ ನೋಡಿರಲಿಲ್ಲ. ಅತ್ತೆ ದಿನಾ ಸಂಜೆ ಈ ವರದಿಗಳನ್ನು ಓದಿಸಿಕೊಂಡು, ಮದುವೆಮನೆಯಲ್ಲಿ ಮುಯ್ಯಿ ಸ್ವೀಕರಿಸುವವರ ಹಾಗೆ ತಲೆದೂಗುತ್ತಿದ್ದರು.

ಮೂರನೆಯ ವಾರ ನಿರ್ದೇಶಕರ ಕೋಣೆಯಿಂದ ಕರೆ ಬಂತು.

ಇಪ್ಪತ್ತಾರು ವರ್ಷದಲ್ಲಿ ಆ ಮೆಟ್ಟಿಲನ್ನು ಟಪಾಲಕ್ಕ ಹತ್ತಿದ್ದು ಎಣಿಸಿ ಐದು ಸಲ. ಕೋಣೆಯಲ್ಲಿ ಫೈಲಿನ ವಾಸನೆ, ನೆಲಕ್ಕೆ ಕಾರ್ಪೆಟ್ಟು. ಇಲ್ಲಿ ಸದ್ದೇ ಆಗುವುದಿಲ್ಲವಲ್ಲ ಎಂದು ಆ ಭಯದಲ್ಲೂ ಅವಳಿಗೆ ಹೊಳೆಯಿತು. ಮೇಜಿನ ಮೇಲೆ ಎರಡು ಪುಟದ ಪ್ರಿಂಟು ಇತ್ತು. ಅಂಚಿನಲ್ಲೆಲ್ಲ ಪೆನ್ಸಿಲಿನ ಗುರುತು.

"ಕೂತ್ಕೊಳ್ಳಿ. ನನ್ನ ಮೊಮ್ಮಗಳು ತೋರಿಸಿದಳು," ಎಂದರು ನಿರ್ದೇಶಕರು. "'ತಮ್ಮ ಅವಗಾಹನೆಗೆ' ಅಂತ ಈಗ ನೀವೊಬ್ಬರೇ ಬರೆಯೋದು."

ಟಪಾಲಕ್ಕ ಕುರ್ಚಿಯ ತುದಿಗೆ ಕೂತಳು. "ಅದು ಕಾರ್ಟೂನಿನ ವಿಚಾರ ಸಾರ್..."

"ಗೊತ್ತು. ಇಷ್ಟು ವರ್ಷದಲ್ಲಿ ನಾನು ಪಟ್ಟ ಶ್ರಮ ಯಾರಿಗೂ ಅರ್ಥವಾಗಲಿಲ್ಲ. ಅದೃಷ್ಟ ಅಂದರು, ವಶೀಲಿ ಅಂದರು. ನೀವು ಮಾತ್ರ..." ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಆದರೆ ಒಂದು ಕಡೆ ತಪ್ಪಿದ್ದೀರಿ. ಸಭೆಯ ದಿನ ಮುಖ್ಯ ಅಂದಿದ್ದೀರಿ. ದಿನ ಅಲ್ಲ, ಕೂರಿಸೋ ಕ್ರಮ. ಜಗಳಗಂಟರನ್ನ ಎದುರುಬದುರು ಕೂರಿಸಬಾರದು, ಪಕ್ಕಪಕ್ಕ ಕೂರಿಸಬೇಕು. ಪಕ್ಕದಲ್ಲಿದ್ದೋರ ಮುಖ ನೋಡಿ ಜಗಳ ಆಡೋಕಾಗಲ್ಲ."

"ತಿದ್ದಿಸ್ತೀನಿ ಸಾರ್," ಎಂದಳು ಟಪಾಲಕ್ಕ, ಬೇರೇನೂ ತೋಚದೆ.

"ಇನ್ನೊಂದು. ನಡಾವಳಿ ಬರೆಯೋ ಹುಡುಗಿ ಮದುವೆಯಾಗಿ ಹೋದಳು. ಮುಂದಿನ ತಿಂಗಳಿಂದ ನೀವೇ ಬರೀರಿ."

ಬೈಸಿಕೊಂಡು ಬರುತ್ತಾಳೆಂದು ಕೆಳಗೆ ಕಾಯುತ್ತಿದ್ದವರಿಗೆ ಕಂಡದ್ದು ಅವಳ ಕೈಯಲ್ಲಿದ್ದ ಹಸಿರು ರಟ್ಟಿನ ನಡಾವಳಿ ಪುಸ್ತಕ.

ಸಭೆಗೆ ಬರುವವರು ನಾಲ್ಕು ಜನ ವಿಭಾಗದವರು. ಪೈಪಿನವರು, ಪಂಪಿನವರು, ಉಗ್ರಾಣದವರು, ಗ್ಯಾರೇಜಿನವರು. ನಾಲ್ವರೂ ಏಕಕಾಲಕ್ಕೆ ಮಾತಾಡುತ್ತಿದ್ದರು, ಮುಗಿದ ಕೂಡಲೇ ಮರೆಯುತ್ತಿದ್ದರು. ಮೊದಲೆರಡು ತಿಂಗಳು ಟಪಾಲಕ್ಕ ಒಂದಕ್ಷರ ಆಚೀಚೆ ಮಾಡದೆ ಬರೆದಳು. ಮೂರನೆಯ ತಿಂಗಳು, ಕಚೇರಿ ಗುಡಿಸುವ ಆರು ಹೆಂಗಸರನ್ನು ಬಿಡಿಸಿ ಹೊರಗಿನ ಕಂಪನಿಯವರನ್ನು ಹಾಕಿಕೊಳ್ಳುವುದೆಂದು ನಿರ್ದೇಶಕರು ಅಂದರು. ಉಳಿದವರು ಆಗಲಿ ಸಾರ್ ಅಂದರು. ಆರು ಜನರೂ ದಿನಾ ಬೆಳಗ್ಗೆ ಅವಳ ಮೇಜಿನ ಕೆಳಗೆ ಗುಡಿಸುವಾಗ, ಕಾಲು ಎತ್ತು ಟಪಾಲಕ್ಕ, ಅನ್ನುವವರು. ಅವಳ ಪೆನ್ನು ಆ ಸಾಲಿಗೆ ಬಂದಾಗ ಸ್ವಲ್ಪ ತಡೆಯಿತು. ಆಮೇಲೆ, ಈ ವಿಷಯವನ್ನು ಇನ್ನಷ್ಟು ಪರಿಶೀಲಿಸಿ ಮುಂದಿನ ವರ್ಷ ತೀರ್ಮಾನಿಸತಕ್ಕದ್ದು, ಎಂದು ತಾನಾಗಿಯೇ ಬರೆಯಿತು.

ಮುಂದಿನ ಸಭೆಯಲ್ಲಿ ಅದನ್ನು ಓದಿದರು. ಯಾರೂ ಉಸಿರೆತ್ತಲಿಲ್ಲ. ನಿರ್ದೇಶಕರು ಮಾತ್ರ ತಲೆಯೆತ್ತಿ ಅವಳನ್ನು ನೋಡಿದರು. ಸಂಗೀತದ ಮೇಷ್ಟ್ರು ಶಿಷ್ಯೆಯ ಮೊದಲ ಕಛೇರಿಯಲ್ಲಿ ನೋಡುವ ಹಾಗೆ ನೋಡಿ, ಸಹಿ ಹಾಕಿದರು.

ಅದಾದ ಮೇಲೆ ಕೆಲಸ ಸಲೀಸಾಯಿತು. ಮುರಿದ ಕುರ್ಚಿಗಳನ್ನು ಬದಲಾಯಿಸಲು ತೀರ್ಮಾನವಾಯಿತು. ಹೆಂಗಸರ ಪಾಯಿಖಾನೆಗೆ ಚಿಲಕ ಹಾಕಿಸಲು ಪೈಪಿನವರು ಒತ್ತಾಯಿಸಿದರು. ಆ ದಿನ ಪೈಪಿನವರು ಸಭೆಗೆ ಬಂದಿರಲೇ ಇಲ್ಲ. ಟಪಾಲು ಮೇಜು ಮೆಟ್ಟಿಲ ಕೆಳಗಿನಿಂದ ಕಿಟಕಿಯ ಪಕ್ಕಕ್ಕೆ ಹೋಯಿತು, ಗಾಳಿ ಬೆಳಕಿನ ದೃಷ್ಟಿಯಿಂದ. ಜನ ಅವಳು ಬಂದರೆ ಎದ್ದು ನಿಲ್ಲತೊಡಗಿದರು. ಟಪಾಲಕ್ಕ ಹೋಗಿ ಮೇಡಂ ಆಯಿತು. ಅವಳಿಗೆ ಅದು ಇಷ್ಟವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಇದೇ ಹೊತ್ತಿಗೆ ಏಳು ಗೋಪುರದ ಕೊನೆಯ ಕಂತು ಬಂತು. ಮಸಿರಾಯ ಕಪ್ಪು ನಕ್ಷತ್ರ ನುಂಗಿದ್ದ. ಎಲ್ಲರಿಗೂ ಕಾಣುವ ಹಾಗೆ, ಬಾಯಿ ಅಗಲಿಸಿ, ಲಡ್ಡಿನ ಗಾತ್ರದ ನಕ್ಷತ್ರವನ್ನು ನುಂಗುವುದನ್ನೇ ತೋರಿಸಿದರು. ಅತ್ತೆ ಟಿವಿ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದರು. "ಮಾಡಿದೋರಿಗೇ ಗೊತ್ತಿಲ್ಲ ಬಿಡು," ಎಂದರು. ಇಂಟರ್‌ನೆಟ್ಟಿನಲ್ಲೂ ಜನ ಕೊನೆಯ ಕಂತನ್ನು ನಂಬಲಿಲ್ಲ. ಅದು ಮಸಿರಾಯ ತಾನೇ ಬರೆಸಿದ ನಡಾವಳಿ ಎಂದು ತೀರ್ಪು ಕೊಟ್ಟರು.

ಆಗ ಬಂದದ್ದು ಉಗ್ರಾಣದವನ ಪ್ರಸಂಗ. ಅವನಿಗೆ ಬಾಯಿ ಸ್ವಲ್ಪ ಜೋರು. ಅಂಟು ಕೇಳಲು ಹೋದ ಟಪಾಲಕ್ಕನಿಗೆ ಹತ್ತು ಜನರ ಎದುರು, "ಅಂಟು ತಿಂತೀರಾ ಮೇಡಂ, ಮೊನ್ನೆ ತಾನೆ ಕೊಟ್ಟೆನಲ್ಲ," ಅಂದ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆ ತಿಂಗಳ ನಡಾವಳಿಯಲ್ಲಿ, ದಾಸ್ತಾನು ಪರಿಶೀಲನೆಗಾಗಿ ತಮ್ಮ ರಜೆಯನ್ನು ಮುಂದಕ್ಕೆ ಹಾಕಲು ಉಗ್ರಾಣದವರು ಒಪ್ಪಿದರು, ಎಂದು ಬರೆದಳು. ಅವನು ಬಂದು ಕೂಗಾಡಲಿ, ನಾಲ್ಕು ಮಾತು ಬೇಡಿಕೊಳ್ಳಲಿ, ಆಮೇಲೆ ತಿದ್ದಿದರಾಯಿತು ಎಂಬುದು ಅವಳ ಲೆಕ್ಕ.

ಅವನು ಬಂದ. ಕೂಗಾಡಲಿಲ್ಲ. ಕಿಟಕಿಯ ಪಕ್ಕದಲ್ಲಿ ಕೈಕಟ್ಟಿ ನಿಂತ.

"ತಪ್ಪಾಯ್ತು ಮೇಡಂ. ನಾನೇ ಒಪ್ಪಿಕೊಂಡಿದ್ದೆ ಅನ್ನೋದು ಮರೆತೇ ಹೋಗಿತ್ತು. ಈಚೆಗೆ ನನಗೆ ಬಹಳ ಮರೆವು. ಅಕ್ಕನಿಗೆ ಆಪರೇಷನ್ನು ಅಂತ ರಜೆ ಕೇಳಿದ್ದೆ. ಬರೋಕಾಗಲ್ಲ ಅಂತ ಈಗಷ್ಟೇ ಫೋನ್ ಮಾಡಿ ಹೇಳಿದೆ. ಅಕ್ಕ ಪರವಾಗಿಲ್ಲ ಅಂದಳು."

ಟಪಾಲಕ್ಕ ಅವನ ಮುಖ ನೋಡಿದಳು. ಅದರಲ್ಲಿ ಸಿಟ್ಟಿರಲಿಲ್ಲ, ಅನುಮಾನವೂ ಇರಲಿಲ್ಲ. ತನ್ನ ತಲೆಗಿಂತ ಹಸಿರು ರಟ್ಟಿನ ಪುಸ್ತಕವನ್ನು ಅವನು ಹೆಚ್ಚು ನಂಬಿದ್ದ. 

"ನೀವು ಒಪ್ಪಿರಲಿಲ್ಲ," ಎಂದಳು. "ನಾನು ಬರೆದದ್ದು ತಪ್ಪು. ಈಗಲೇ ಹೊರಡಿ, ಬಸ್ಸು ಸಿಗುತ್ತೆ. ತಿದ್ದೋಲೆ ನಾನು ಹಾಕ್ತೀನಿ."

"ಇಲ್ಲ ಮೇಡಂ, ಪುಸ್ತಕದಲ್ಲಿ ಇದೆಯಲ್ಲ..."

ಅವನನ್ನು ನಂಬಿಸಲು ಅರ್ಧ ಗಂಟೆ ಹಿಡಿಯಿತು. ಬಸ್ಸಿನವರೆಗೆ ಅವಳೇ ಹೋಗಿ ಹತ್ತಿಸಿ ಬಂದಳು. ಹತ್ತುವಾಗಲೂ ಅವನು, ನಾನು ಒಪ್ಪಿದ ಹಾಗೆ ಮಸುಕು ಮಸುಕಾಗಿ ನೆನಪಿದೆ ಮೇಡಂ, ಅಂದ.

ಅದೇ ತಿಂಗಳ ನಡಾವಳಿಗೆ ತಿದ್ದೋಲೆ ಹಾಕಿ, ಟಪಾಲಕ್ಕ ಕೊನೆಯ ಸಾಲು ಹೀಗೆ ಬರೆದಳು: ಇನ್ನು ಮುಂದೆ ನಡಾವಳಿಯನ್ನು ನಾಲ್ಕೂ ವಿಭಾಗದವರು ತಿಂಗಳಿಗೊಬ್ಬರಂತೆ ಸರದಿಯ ಮೇಲೆ ಬರೆಯತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.

ಮುಂದಿನ ಸಭೆಯಲ್ಲಿ ಅದನ್ನು ಓದಿದಾಗ ನಿರ್ದೇಶಕರು ಪೆನ್ನು ಕೆಳಗಿಟ್ಟರು.

"ಇಂಥದ್ದು ಯಾವಾಗ ತೀರ್ಮಾನ ಆಯ್ತು? ನಾನಂತೂ ಹೇಳಲಿಲ್ಲ."

"ನಡಾವಳಿಯಲ್ಲಿ ಇದೆ ಸಾರ್," ಎಂದಳು ಟಪಾಲಕ್ಕ.

ನಿರ್ದೇಶಕರು ಉಳಿದವರ ಕಡೆ ತಿರುಗಿದರು. ಪೈಪಿನವರು ಗಂಟಲು ಸರಿಮಾಡಿಕೊಂಡು, ಹೌದು ಸಾರ್, ಆಗಿತ್ತು ಅಂದರು. ಪಂಪಿನವರು, ಮಾತು ಎತ್ತಿದ್ದೇ ನಾನು ಸಾರ್ ಅಂದರು. ಗ್ಯಾರೇಜಿನವರು, ನೀವೇ ಒಳ್ಳೇ ಯೋಚನೆ ಅಂದ್ರಲ್ಲ ಸಾರ್ ಅಂದರು. ಉಗ್ರಾಣದವನು ಹೌದೆಂದು ತಲೆ ಆಡಿಸಿದ. ನಿರ್ದೇಶಕರು ನಾಲ್ಕು ಮುಖವನ್ನೂ ಒಂದೊಂದಾಗಿ ನೋಡಿದರು. ಆಮೇಲೆ, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ, ತಮಗೆ ಇಷ್ಟವಿಲ್ಲದ ಮಾತಿಗೆ ತಾವೇ ಸಹಿ ಹಾಕಿದರು.

ಕಚೇರಿ ಇದರಿಂದ ಉದ್ಧಾರವಾಯಿತು ಅನ್ನುವ ಹಾಗಿಲ್ಲ. ಪೈಪಿನವರ ತಿಂಗಳಲ್ಲಿ ಪಂಪಿನವರ ತಪ್ಪುಗಳ ಪಟ್ಟಿಯೇ ನಡಾವಳಿ, ಪಂಪಿನವರ ತಿಂಗಳಲ್ಲಿ ಅದಕ್ಕೆ ಉತ್ತರ. ಗ್ಯಾರೇಜಿನವರು ಬರೆದದ್ದು ಮೂರೇ ಸಾಲು: ಎಲ್ಲರೂ ಬಂದರು. ಮಾತಾಡಿದರು. ಹೋದರು. ಗುಡಿಸುವ ಹೆಂಗಸರ ವಿಷಯ ಯಾರ ತಿಂಗಳಿಗೂ ಸೇರದೆ ಹಾಗೇ ಉಳಿಯಿತು, ಅವರೂ ಉಳಿದರು. ನಿರ್ದೇಶಕರು ನಿವೃತ್ತರಾಗುವವರೆಗೂ ಯಾವ ತೀರ್ಮಾನಕ್ಕೂ ಗಟ್ಟಿ ಆಧಾರ ಸಿಗದೆ, ದಿನಾ ಎಲ್ಲರನ್ನೂ ಕರೆದು ಬಾಯಿಬಿಟ್ಟು ಕೇಳಿ ಕೆಲಸ ಮಾಡಿಸಬೇಕಾಯಿತು. ಟಪಾಲಕ್ಕ ಪುಸ್ತಕ ಬಿಟ್ಟುಕೊಟ್ಟದ್ದೇಕೆ ಎಂಬ ಬಗ್ಗೆ ಕ್ಯಾಂಟೀನಿನಲ್ಲಿ ನಾನಾ ಮಾತು ಹುಟ್ಟಿತು. ಮೇಲಿನವರ ಜೊತೆ ಒಳಒಪ್ಪಂದ ಅಂದರು, ಕಣ್ಣು ಮಂಜಾಗಿದೆ ಅಂದರು, ಅವಳಿಗೆ ಇದಕ್ಕಿಂತ ದೊಡ್ಡದೇನೋ ಸಿಕ್ಕಿದೆ ಅಂದರು. ಆರು ತಿಂಗಳಿಗೆ ನಾಲ್ಕು ವಿಭಾಗದವರೂ ಒಟ್ಟಾಗಿ ಬಂದು, ನೀವೇ ಬರೆಯಿರಿ, ನಿಮ್ಮ ಕಾಲದಲ್ಲೇ ಚೆನ್ನಾಗಿತ್ತು, ಎಂದು ಕೇಳಿಕೊಂಡರು. ಅವಳು ಕೈನೋವು ಅಂದಳು.

ಡಾಕ್ಟರು ಹೇಳಿದ ಮೂರು ತಿಂಗಳು ವರ್ಷ ದಾಟಿ, ಅತ್ತೆಗೆ ಆಗಷ್ಟೇ ಕೋಲು ಹಿಡಿದು ನಡೆಯುವಷ್ಟು ಶಕ್ತಿ ಬಂದಿತ್ತು. ಭಾನುವಾರ ಬೆಳಗ್ಗೆ ಬೀದಿಯ ತುದಿಯವರೆಗೆ ಮೊದಲ ಸಲ ಹೊರಟಾಗ ಸೊಸೆಯ ತೋಳು ಹಿಡಿದು ಕೇಳಿದರು. "ಕೈಯಲ್ಲಿ ಏನು ನೋವೇ ನಿನಗೆ? ಮನೆಯಲ್ಲಿ ಒಂದು ದಿನಾನೂ ಹೇಳಲಿಲ್ಲ."

"ನೋವಿಲ್ಲ ಅತ್ತೆ. ಆ ಕೆಲಸ ನನಗೆ ತುಂಬ ಚೆನ್ನಾಗಿ ಬರ್ತಿತ್ತು, ಅದಕ್ಕೇ ಬಿಟ್ಟೆ."

ಅತ್ತೆ ನಿಂತು ಅವಳ ಮುಖ ನೋಡಿದರು. ಎದುರಿಗೆ ಸೈಕಲ್ಲೊಂದು ಬಂದದ್ದರಿಂದ, "ಮೆಲ್ಲಗೆ, ಈ ಕಡೆ ಬಾ," ಎಂದು ಅವಳನ್ನು ಪಕ್ಕಕ್ಕೆ ಎಳೆದುಕೊಂಡರು. ಇಬ್ಬರೂ ಗೋಡೆ ಹಿಡಿದು, ಒಂದೊಂದೇ ಹೆಜ್ಜೆ ಎತ್ತಿಡುತ್ತಾ, ಹಣ್ಣಿನಂಗಡಿಯ ಕಡೆ ನಡೆದರು.